ಸಭಾಕಂಪನಕ್ಕೆ ಟೆಲಿಪ್ರಾಂಪ್ಟರ್: ಎರಡು ಮಳೆಗಾಲ ಬಳಸಿದ ಮೇಲೆ

10 ಇಂಚಿನ ಟ್ಯಾಬ್ ಹಿಡಿಸುವ, ಮಡಚಿ ಇಡಬಹುದಾದ ಟೆಲಿಪ್ರಾಂಪ್ಟರ್ ಇದು, ಅಂದರೆ ಕ್ಯಾಮೆರಾದತ್ತ ನೋಡುತ್ತಲೇ ಪಠ್ಯ ಓದಲು ಬಿಡುವ ಸಾಧನ. ಬಳಕೆ ಶಿರಸಿಯಲ್ಲಿ, ಒಂದೂವರೆ ವರ್ಷ. ವಿಡಿಯೊ ಮಾಡುವವರಿಗಾಗಿ ತಯಾರಾದ ಸಾಮಾನು; ಇಲ್ಲಿ ದುಡಿದದ್ದು ಸ್ವಾಗತ ಭಾಷಣ, ಸಹಕಾರಿ ಸಂಘದ ಮಹಾಸಭೆಯ ವರದಿ, ಶಾಲಾ ವಾರ್ಷಿಕೋತ್ಸವದ ನಿರೂಪಣೆ ಇವುಗಳ ತಾಲೀಮಿಗೆ. ಐದಕ್ಕೆ ಮೂರೂವರೆ ಕೊಡಬಹುದು. ಕಳೆದದ್ದರಲ್ಲಿ ಒಂದು ಅಂಕ ಗಾಜಿನದು, ಅರ್ಧ ಅಂಕ ಮಾರುವವರು ಹೇಳದೇ ಬಿಡುವ ಮಾತಿನದು: ದಿನವೂ ಪೂರ್ತಿ ಪಠ್ಯ ನೋಡಿಕೊಂಡೇ ಓದಿದರೆ ಹೆದರಿಕೆ ಬಿಡುವುದಿಲ್ಲ, ಓದುವ ಚಟ ಹತ್ತುತ್ತದೆ.

ಮೊದಲು ಗಾಜಿನ ವಿಷಯ. ಟ್ಯಾಬ್ ಅಡ್ಡ ಮಲಗಿರುತ್ತದೆ, ಅದರ ಮೇಲೆ 45 ಡಿಗ್ರಿ ಓರೆಯಾಗಿ ಗಾಜು, ಗಾಜಿನ ಹಿಂದೆ ಕ್ಯಾಮೆರಾ. ಸಾಮಾನ್ಯವಾಗಿ ಈ ಗಾಜು 70/30ರದ್ದು. ನೂರರಲ್ಲಿ 70 ಪಾಲು ಬೆಳಕು ದಾಟಿ ಕ್ಯಾಮೆರಾಕ್ಕೆ ಹೋಗುತ್ತದೆ, ಉಳಿದದ್ದು ಪ್ರತಿಫಲಿಸಿ ಅಕ್ಷರ ತೋರಿಸುತ್ತದೆ. ಪ್ರತಿಫಲಿಸುವ ಲೇಪನ ಗಾಜಿನ ಒಂದೇ ಬದಿಗಿರುತ್ತದೆ, ಆ ಬದಿ ಟ್ಯಾಬಿನ ಕಡೆಗೇ ಇರಬೇಕು. ತಿರುಗಿ ಕೂತರೆ ಪ್ರತಿ ಅಕ್ಷರಕ್ಕೂ ಒಂದು ನೆರಳಕ್ಷರ ಅಂಟಿಕೊಳ್ಳುತ್ತದೆ. ಒತ್ತಕ್ಷರ ತುಂಬಿದ ಕನ್ನಡ ಆಗ ಓದಲಿಕ್ಕೇ ಆಗದು. ಉಗುರಿನ ತುದಿ ತಾಗಿಸಿ ನೋಡಿ: ಬಿಂಬ ಉಗುರಿಗೆ ಕೂಡಿದರೆ ಅದು ಲೇಪನದ ಬದಿ, ನಡುವೆ ಸಂದು ಕಂಡರೆ ಹಿಂಬದಿ. ಒರೆಸಲು ಮೈಕ್ರೋಫೈಬರ್ ಬಟ್ಟೆಯೇ ಆಗಬೇಕು. ಹಳೇ ಪಂಚೆಯ ತುಂಡು ಒಂದೇ ತಿಂಗಳಲ್ಲಿ ಗೀರು ಹಾಕಿಟ್ಟಿತು.

ಮಳೆಗಾಲ ಇದಕ್ಕೆ ಶತ್ರು. ಜುಲೈ ಹೊತ್ತಿಗೆ ಚೌಕಟ್ಟಿನ ಸ್ಕ್ರೂಗಳಿಗೆ ತುಕ್ಕು, ಕಪ್ಪು ಹೊದಿಕೆ ಬಟ್ಟೆಗೆ ಬೂಷ್ಟು. ಕಾರವಾರ, ಕುಮಟಾದ ಕಡೆ ಉಪ್ಪುಗಾಳಿಯೂ ಸೇರುವುದರಿಂದ ಸ್ಕ್ರೂಗಳಿಗೆ ತೆಳುವಾಗಿ ಎಣ್ಣೆ ಸವರಿ, ಗಾಜನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡುವುದು ವಾಸಿ. ಕರೆಂಟು ನಂಬುವಂತಿಲ್ಲ, ಆದ್ದರಿಂದ ಪಠ್ಯ ಟ್ಯಾಬಿನೊಳಗೇ ಇರಲಿ, ಇಂಟರ್ನೆಟ್ ಕೇಳುವ ಆ್ಯಪ್ ಬೇಡ. ಮೋಡ ಕವಿದ ಸಂಜೆ ಗಾಜು ನುಂಗುವ ಆ 30 ಪಾಲೂ ಲೆಕ್ಕಕ್ಕೆ ಬರುತ್ತದೆ. ಕಿಟಕಿ ಮಾತನಾಡುವವರ ಪಕ್ಕಕ್ಕಿರಲಿ, ಬೆನ್ನಿಗೆ ಬೇಡ.

ಕನ್ನಡ ಪಠ್ಯ ಏರಿಸುವಾಗಲೇ ಹೆಚ್ಚಿನವರು ಸೋಲುವುದು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಪರದೆಯ ಮೇಲೆ ಬರೀ ಕಲಸುಮೇಲೋಗರ. ಯುನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ. 2 ಮೀಟರ್ ದೂರದಿಂದ ಓದಲು ಅಕ್ಷರದ ಎತ್ತರ 1 ಸೆಂಟಿಮೀಟರ್, ಸಾಲಿಗೆ 3 ಪದ. ಹತ್ತಿರ ನಿಂತು ಅಗಲದ ಸಾಲು ಓದಿದರೆ ಕಣ್ಣಾಲಿಗಳು ಗಡಿಯಾರದ ಲೋಲಕದಂತೆ ಓಡಾಡುವುದು ರೆಕಾರ್ಡಿಂಗಿನಲ್ಲಿ ಎದ್ದು ಕಾಣುತ್ತದೆ. ಸಾಲು ಮುರಿಯುವುದು ಉಸಿರು ಬಿಡುವಲ್ಲೇ ಇರಲಿ. ಇಸವಿ, ಮೊತ್ತಗಳನ್ನು ಅಕ್ಷರದಲ್ಲೇ ಬರೆಯಿರಿ. ಮಹಾಸಭೆಯ ವರದಿಯಲ್ಲಿ ನಾಲಗೆ ತೊಡರುವುದೇ ಅಂಕಿಗಳಲ್ಲಿ. ಮನೆಯಲ್ಲಿ ಹವ್ಯಕವನ್ನೋ ಕೊಂಕಣಿಯನ್ನೋ ಆಡುವವರು ಪುಸ್ತಕದ ವಾಕ್ಯ ಬರೆದುಕೊಂಡು ಒದ್ದಾಡುವುದಕ್ಕಿಂತ, ಮೊದಲು ಫೋನಿಗೆ ಬಾಯಿಮಾತಿನಲ್ಲಿ ಹೇಳಿ, ಅದನ್ನು ಕೇಳಿಸಿಕೊಂಡು ಟೈಪ್ ಮಾಡುವುದು ಲೇಸು.

ಪಠ್ಯ ತಾನಾಗಿ ಸರಿಯುವ ಸೌಲಭ್ಯವನ್ನು ಮೊದಲ ದಿನವೇ ಬಂದ್ ಮಾಡಿ. ಸಾಲು ಮುಂದೆ ಓಡಿದರೆ ಮಾತಿನವರು ಅದರ ಬೆನ್ನು ಹತ್ತುತ್ತಾರೆ, ಉಸಿರು ಮೇಲೇರುತ್ತದೆ, ದನಿ ತೆಳುವಾಗುತ್ತದೆ. ಸಭೆಯಲ್ಲಿ ಹೆದರಿದಾಗ ಆಗುವುದೂ ಇದೇ ಅಲ್ಲವೇ? ತಾಲೀಮು ಮಾಡಿ ಅದನ್ನೇ ರೂಢಿಸಿಕೊಂಡಂತಾಯಿತು. ಕೈಯಲ್ಲೊಂದು ಬ್ಲೂಟೂತ್ ರಿಮೋಟ್ ಇದ್ದರೆ ಪಠ್ಯವೇ ಮಾತಿಗೆ ಕಾಯುತ್ತದೆ. ಮಾತು ಕೇಳಿ ಸರಿಯುವ ವ್ಯವಸ್ಥೆ ನಾವು ಬಳಸಿದ ಆ್ಯಪಿನಲ್ಲಿ ಕನ್ನಡಕ್ಕೆ ಕೆಲಸ ಮಾಡಲಿಲ್ಲ. ಟ್ಯಾಬ್ ಏರೋಪ್ಲೇನ್ ಮೋಡಿನಲ್ಲಿರಲಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿಕೊಳ್ಳಿ.

ಇನ್ನು ಹೆದರಿಕೆ ಕಳೆಯುವ ಕ್ರಮ. 5 ನಿಮಿಷದ ಭಾಷಣಕ್ಕೆ 3 ವಾರ ಬೇಕು. ಎದೆಬಡಿತ ಜೋರಾಗಿರುವುದು ಮಾತು ಶುರುವಾಗುವ ಹೊತ್ತಿಗೆ, ಹಾಗಾಗಿ ಮೊದಲ 4 ವಾಕ್ಯ, ಕೊನೆಯ 2 ವಾಕ್ಯ ಮೊದಲ ದಿನದಿಂದಲೇ ಬಾಯಿಪಾಠ. ಮೊದಲ 4 ದಿನ ಪೂರ್ತಿ ಪಠ್ಯ. ಮುಂದಿನ 5 ದಿನ ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ ಪರದೆಯಲ್ಲಿ. ಆಮೇಲೆ ಒಂದು ವಾರ ಬರೀ 10-12 ಸೂಚಕ ಪದಗಳು. ತಾಳಮದ್ದಲೆ ನೋಡಿದವರಿಗೆ ಇದು ಹೊಸದಲ್ಲ: ಅರ್ಥಧಾರಿಗಳ ಕೈಯಲ್ಲಿ ಬರೆದ ಮಾತಿರುವುದಿಲ್ಲ, ಭಾಗವತರು ಹಾಡಿದ ಪದ್ಯವೇ ಅವರಿಗೆ ಪ್ರಾಂಪ್ಟರ್. ಉಳಿದ ದಿನ ಟ್ಯಾಬ್ ಆರಿಸಿ, ಕ್ಯಾಮೆರಾ ಮಾತ್ರ ಓಡಿಸಿ. ಎದುರಿಗೆ ಮೊದಲು ಒಬ್ಬರು, ಮತ್ತೆ ಮೂವರು, ಆಮೇಲೆ ಏಳೆಂಟು ಜನ ಕೂರಲಿ. ತಪ್ಪಿದರೆ ನಿಲ್ಲಿಸಿ ಮೊದಲಿಂದ ಶುರು ಮಾಡಬಾರದು. ತಡವರಿಸಿದಲ್ಲಿಂದಲೇ ದಾಟಿ ಮುಂದೆ ಹೋಗುವುದೇ ಇಲ್ಲಿ ಕಲಿಯಬೇಕಾದದ್ದು. ರೆಕಾರ್ಡಿಂಗನ್ನು ಒಮ್ಮೆ ದನಿ ಮುಚ್ಚಿ, ಇನ್ನೊಮ್ಮೆ ಚಿತ್ರ ಮುಚ್ಚಿ ನೋಡಿ. ಒಳಗೆ ಭೂಕಂಪವಾದಂತೆ ಅನಿಸಿದ ಜಾಗದಲ್ಲೂ ಹೊರಗೆ ಕಂಡದ್ದು ಅಷ್ಟಕ್ಕಷ್ಟೇ ಎಂದು ಆಗ ತಿಳಿಯುತ್ತದೆ. ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ರೆಕಾರ್ಡ್ ಮಾಡುವ ಯೋಚನೆ ಇಲ್ಲವೆಂದರೆ ಗಾಜಿಗೆ ಹಣ ಹಾಕಬೇಡಿ, ಟ್ಯಾಬನ್ನು ಕಣ್ಣಮಟ್ಟದ ಸ್ಟ್ಯಾಂಡಿಗೆ ಸಿಕ್ಕಿಸಿದರೆ ಸಾಕು.

ಇದು ಕಲಿಸದೇ ಇರುವುದೂ ಇದೆ. ನೋಟ ಒಂದೇ ಕಡೆ ನೆಟ್ಟುಬಿಡುತ್ತದೆ, ಸಭೆಯಲ್ಲಿ ಜನ ಮೂರು ದಿಕ್ಕಿಗಿರುತ್ತಾರೆ. ಸೂಚಕ ಪದಗಳ ವಾರದಲ್ಲಿ ಪ್ರಾಂಪ್ಟರನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಸರಿಸಿಟ್ಟರೆ ಸ್ವಲ್ಪ ಸರಿಹೋಗುತ್ತದೆ. ಸಭಾಭವನದ ಸ್ಪೀಕರಿನಿಂದ ತಮ್ಮದೇ ದನಿ ತಡವಾಗಿ ಮರಳಿ ಬಂದಾಗ ಬೆಚ್ಚುವುದಕ್ಕೆ ಮನೆಯಲ್ಲಿ ಔಷಧಿಯಿಲ್ಲ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಮೈಕಿಗೆ ಒಂದು ಗೇಣು ದೂರ ನಿಂತು ಆ 4 ವಾಕ್ಯ ಆಡಿ ನೋಡಿ.

ವಂದನಾರ್ಪಣೆಯವರಿಗೆ ಮಾತ್ರ ಬೇರೆ ದಾರಿ. ಹೆಸರುಗಳನ್ನು ಬಾಯಿಪಾಠ ಮಾಡಬೇಡಿ, ಪ್ರಾಂಪ್ಟರಿನಲ್ಲೂ ಹಾಕಬೇಡಿ. ಅಂಗೈಯಗಲದ ದಪ್ಪ ಚೀಟಿ, ಚೀಟಿಗೆ 5 ಹೆಸರು, ಹುದ್ದೆ ಮತ್ತು ‘ಅವರಿಗೆ’ ಸಹಿತ ಪೂರ್ತಿ ಬರೆದದ್ದು, ಮೂಲೆಯಲ್ಲಿ ಕ್ರಮಸಂಖ್ಯೆ. ವೇದಿಕೆಗೆ ಕೊನೇ ಗಳಿಗೆಯಲ್ಲಿ ಬಂದು ಕೂತವರಿಗಾಗಿ ಒಂದು ಖಾಲಿ ಚೀಟಿ, ಒಂದು ಪೆನ್ನು.