ಎಸಿ ಹೋಟೆಲ್ಲಾ, ದರ್ಶಿನಿಯಾ, ಮುದ್ದೆ ಮೆಸ್ಸಾ? ತುಮಕೂರಿನಲ್ಲಿ ನಾನು ಉಂಡ ಮೂರು ಊಟ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುದ್ದೆ ಮೆಸ್ಸಿಗೆ. ಓದುತ್ತಾ ಓದುತ್ತಾ ಇವಳು ಪಕ್ಷಪಾತ ಮಾಡ್ತಿದ್ದಾಳೆ ಅನ್ನಿಸಿದರೆ, ಹೌದು, ಮಾಡ್ತಿದ್ದೇನೆ. ಆರು ಜನಕ್ಕೆ 2,457 ರೂಪಾಯಿ ಕೊಟ್ಟು, ಮನೆಗೆ ಬಂದು ಮತ್ತೆ ಅನ್ನಕ್ಕೆ ಕುಕ್ಕರ್ ಇಟ್ಟವಳು ನಾನು.

ನನ್ನದು ಗುಬ್ಬಿ. ಕೆಲಸ ತುಮಕೂರಿನಲ್ಲಿ. ವಾರಕ್ಕೆ ಐದು ದಿನ ಮಧ್ಯಾಹ್ನದ ಊಟ ಹೊರಗೇ. ಬೆಳಗ್ಗೆ ಏಳೂವರೆಗೆ ಮನೆ ಬಿಡುವವಳು ಡಬ್ಬಿ ಕಟ್ಟಿಕೊಳ್ಳುವುದು ಯಾವಾಗ? ಹಾಗಾಗಿ ಈ ಊರಿನ ಹೋಟೆಲ್‌ಗಳ ಪರಿಚಯ ನನಗೆ ಸ್ವಲ್ಪ ಜಾಸ್ತಿಯೇ ಇದೆ. ಇಲ್ಲಿ ಮೂರನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಹೈವೇ ಕಡೆಯ ಒಂದು ಎಸಿ ಫ್ಯಾಮಿಲಿ ರೆಸ್ಟೋರೆಂಟ್, ಬಿ.ಎಚ್. ರಸ್ತೆಯ ಒಂದು ದರ್ಶಿನಿ, ನಮ್ಮ ಆಫೀಸಿನ ಹಿಂದಿನ ಕ್ರಾಸ್‌ನಲ್ಲಿರುವ ಮುದ್ದೆ ಮೆಸ್. ಹೆಸರು ಯಾವುದನ್ನೂ ಹೇಳುವುದಿಲ್ಲ. ಮೆಸ್ಸಿನ ಹೆಸರು ಹೇಳದಿರುವುದಕ್ಕೆ ಮಾತ್ರ ಕಾರಣ ಬೇರೆ. ಅಲ್ಲಿರುವುದು ಐದೇ ಟೇಬಲ್. ನೀವೆಲ್ಲ ಬಂದರೆ ನನಗೆ ಜಾಗ ಸಿಗುವುದಿಲ್ಲ.

ಕಥೆ ಶುರುವಾಗಿದ್ದು ನಮ್ಮ ಮಾವನವರ ಎಪ್ಪತ್ತನೇ ಹುಟ್ಟುಹಬ್ಬದ ದಿನ. ಭಾನುವಾರ. ಮೆಸ್ಸಿಗೆ ಭಾನುವಾರ ರಜ. ನಮ್ಮ ನಾದಿನಿ ಆ ರೆಸ್ಟೋರೆಂಟಿನ ಫೋಟೋ ತೋರಿಸಿದಳು. ಒಳಗೆ ಕಾರಂಜಿ, ಮಕ್ಕಳಿಗೆ ಜಾರುಬಂಡೆ, ಗೋಡೆ ತುಂಬಾ ಲೈಟು. ಸರಿ ಅಂತ ಹೊರಟೆವು. ನಾವಿಬ್ಬರು, ಅತ್ತೆ, ಮಾವ, ನಾದಿನಿ, ನಮ್ಮ ಮಗಳು.

ಒಂದು ಹತ್ತಕ್ಕೆ ಕೂತೆವು. ಸೂಪು, ಗೋಬಿ ಮಂಚೂರಿ, ಬಟರ್ ರೊಟ್ಟಿ, ಎರಡು ಬಗೆ ಗ್ರೇವಿ, ಜೀರಾ ರೈಸ್ ಹೇಳಿದೆವು. ಮಾವನವರಿಗೆ ಒಂದು ಮೊಸರನ್ನ. ಅವರಿಗೆ ಶುಗರ್ ಇದೆ, ಊಟಕ್ಕೆ ಸ್ವಲ್ಪ ಮುಂಚೆ ಮಾತ್ರೆ ತಗೋಬೇಕು. ಸಪ್ಲೈಯರ್ ಹುಡುಗನನ್ನು ಕರೆದು, "ಮೊಸರನ್ನ ಎಷ್ಟೊತ್ತಾಗುತ್ತೆ ನೋಡಪ್ಪ, ಇವರು ಮಾತ್ರೆ ತಗೋಬೇಕು" ಅಂದೆ. "ಹತ್ತೇ ನಿಮಿಷ ಮೇಡಂ" ಅಂದ. ಮಾವನವರು ಮಾತ್ರೆ ನುಂಗಿದರು.

ಸೂಪು ಬಂದಿದ್ದು ಒಂದೂವರೆಗೆ. ಮಾವನವರು ಎರಡು ಚಮಚ ಕುಡಿದು, "ಇದೇನು, ಸಾಸ್ ಬಿಸಿ ಮಾಡಿದಂಗಿದೆ" ಅಂತ ಪಕ್ಕಕ್ಕಿಟ್ಟರು. ಹಿಂದೆಯೇ ಗೋಬಿ. ತಿಂದ ಮೇಲೆ ಮಗಳ ಬೆರಳು ಕೆಂಪು. ಟಿಶ್ಯೂ ಪೇಪರಿಗೆ ಒರೆಸಿದರೆ ಅದೂ ಕೆಂಪು. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರ ನಿಷೇಧ ಹೇರಿದ್ದು 2024ರ ಮಾರ್ಚ್‌ನಲ್ಲಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ಒಪ್ಪುತ್ತೇನೆ. ಹೀಗೆ ಪೇಪರಿಗೆ ಹತ್ತುತ್ತದಾ? ಅದಿರಲಿ.

ಒಂದು ಐವತ್ತಕ್ಕೆ ರೊಟ್ಟಿ ಬಂತು. ಬರೀ ರೊಟ್ಟಿ. ಬಿಸಿಬಿಸಿ ಎಂಟು ರೊಟ್ಟಿ ತಂದಿಟ್ಟು ಹುಡುಗ ಹೋದ. ಗ್ರೇವಿ ಎಲ್ಲಪ್ಪ ಅಂದರೆ, "ಬರ್ತಿದೆ ಮೇಡಂ." ಆ "ಬರ್ತಿದೆ" ಎನ್ನುವುದು ಎಲ್ಲಿಂದ ಬರ್ತಿದೆಯೋ, ಶಿರಾದಿಂದಲೋ ಪಾವಗಡದಿಂದಲೋ ಗೊತ್ತಾಗಲಿಲ್ಲ. ತಂದೂರಿ ರೊಟ್ಟಿಯ ಆಯುಸ್ಸು ಐದು ನಿಮಿಷ, ಅಲ್ವಾ? ಆಮೇಲೆ ಅದು ಚಕ್ಕಳ. ಎಸಿ ಗಾಳಿಯ ಕೆಳಗೆ ಇನ್ನೂ ಬೇಗ. ನಾವು ರೊಟ್ಟಿ ನೋಡುತ್ತಾ ಕೂತೆವು. ಅತ್ತೆ ಒಂದು ತುಂಡು ಮುರಿದು ಈರುಳ್ಳಿ ಜೊತೆ ತಿಂದರು. ಮಗಳು ಸುಮ್ನೆ ರೊಟ್ಟಿಗೆ ಉಪ್ಪು ಹಚ್ಚಿಕೊಂಡಳು.

ಗ್ರೇವಿ ಬಂದಿದ್ದು ಎರಡೂಕಾಲಿಗೆ. ಅಷ್ಟರಲ್ಲಿ ರೊಟ್ಟಿ ಹರಿಯಲು ಎರಡು ಕೈ ಬೇಕಿತ್ತು. ಬೇರೆ ರೊಟ್ಟಿ ಹೇಳಿದೆವು. ಅದು ಬರುವಷ್ಟರಲ್ಲಿ ಗ್ರೇವಿ ತಣ್ಣಗಾಗಿ ಮೇಲೆ ಎಣ್ಣೆ ಕಟ್ಟಿತ್ತು. ಎರಡೂ ಬಿಸಿಯಾಗಿ ಒಟ್ಟಿಗೆ ಇದ್ದ ಗಳಿಗೆ ಆ ಟೇಬಲ್ ಮೇಲೆ ಒಂದೂ ಬರಲಿಲ್ಲ.

ಮೊಸರನ್ನ? ಆಗಲೂ ಬಂದಿರಲಿಲ್ಲ. ಎರಡು ಸಲ ಜ್ಞಾಪಿಸಿದೆ. ಒಂದು ಸಲ ಆ ಹುಡುಗ, ಇನ್ನೊಂದು ಸಲ ಕೋಟು ಹಾಕಿದ ಮ್ಯಾನೇಜರ್, ಇಬ್ಬರದೂ ಒಂದೇ ಮಾತು, "ಐದೇ ನಿಮಿಷ." ಎರಡೂಕಾಲರ ಹೊತ್ತಿಗೆ ಮಾವನವರು ಮಾತು ನಿಲ್ಲಿಸಿದ್ದರು. ಎಸಿಯಲ್ಲೂ ಹಣೆ ಬೆವರುತ್ತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಮಾತ್ರೆ ಒಳಗೆ ಹೋಗಿ ಅನ್ನ ಹೋಗದಿದ್ದರೆ ಶುಗರ್ ಇಳಿಯುತ್ತದೆ. ನಮ್ಮವರು ಗಲ್ಲಾದ ಹತ್ತಿರ ಓಡಿದರು. ಅಲ್ಲಿ ಬಟ್ಟಲಿನಲ್ಲಿ ಇಟ್ಟಿದ್ದ ಸೋಂಪು, ಬಣ್ಣಬಣ್ಣದ ಸಕ್ಕರೆ ಹಚ್ಚಿದ್ದು ಇರುತ್ತದಲ್ಲ, ಅದನ್ನು ಬಟ್ಟಲು ಸಮೇತ ತಂದು ಮಾವನವರ ಬಾಯಿಗೆ ಹಾಕಿದರು. ಜೊತೆಗೆ ಅಡುಗೆಮನೆಯಿಂದ ಸಕ್ಕರೆ ನೀರು. ಹತ್ತು ಹದಿನೈದು ನಿಮಿಷದಲ್ಲಿ ಸುಧಾರಿಸಿಕೊಂಡರು. ಮೊಸರನ್ನ ಬಂದಿದ್ದು ಎರಡೂವರೆಗೆ, ಮೇಲೆ ಎರಡು ದ್ರಾಕ್ಷಿ, ಒಂದು ಚೆರ್ರಿ ಹಣ್ಣು ಇಟ್ಟುಕೊಂಡು.

ಹೀಗೇಕಾಗುತ್ತದೆ ಅಂತ ನನ್ನ ತಮ್ಮನನ್ನು ಆಮೇಲೆ ಕೇಳಿದೆ. ಅವನು ಬೆಂಗಳೂರಿನಲ್ಲಿ ಹೋಟೆಲ್ ಅಡುಗೆಮನೆಯಲ್ಲೇ ಇರುವವನು. "ಅಕ್ಕ, ನೀವು ಹೇಳಿದ್ದು ಒಂದು ಆರ್ಡರ್ ಅಲ್ಲ, ನಾಲ್ಕು" ಅಂದ. ತಂದೂರ್ ಒಬ್ಬನದು, ಚೈನೀಸ್ ಇನ್ನೊಬ್ಬನದು, ಗ್ರೇವಿ ಮತ್ತೊಬ್ಬನದು, ಮೊಸರನ್ನ ಸೌತ್ ಇಂಡಿಯನ್ ಕಡೆಯದು. ಆರ್ಡರ್ ಚೀಟಿ ನಾಲ್ಕು ಕಡೆ ಹೋಗುತ್ತದೆ. ತಂದೂರಿನವನಿಗೆ ರಶ್ ಇಲ್ಲದಿದ್ದರೆ ರೊಟ್ಟಿ ಮೊದಲು ಬರುತ್ತದೆ. ಯಾವುದು ಯಾವುದರ ಜೊತೆ ಹೋಗಬೇಕು ಅಂತ ನೋಡುವವನು ಒಬ್ಬ ಮಧ್ಯದಲ್ಲಿ ನಿಲ್ಲಬೇಕು. ಭಾನುವಾರ ಆ ಮನುಷ್ಯನೂ ಟೇಬಲ್‌ಗೆ ಪ್ಲೇಟ್ ಹೊರುತ್ತಿರುತ್ತಾನೆ. ಮೊಸರನ್ನ ಕಡಿಮೆ ಬೆಲೆಯದು, ಅದು ಯಾರಿಗೂ ಜ್ಞಾಪಕ ಇರುವುದಿಲ್ಲ. ತಮ್ಮನ ಸಲಹೆ ಒಂದೇ: ಮೂರು ದೇಶದ ಅಡುಗೆ ಒಂದೇ ಟೇಬಲ್‌ಗೆ ಹೇಳಬೇಡ.

ಬಿಲ್ ವಿಷಯ ಬೇಗ ಮುಗಿಸುತ್ತೇನೆ. ಊಟಕ್ಕೆ 2,340. ಅದರ ಮೇಲೆ ಶೇ 5 ಸರ್ವಿಸ್ ಚಾರ್ಜ್, 117. ಎರಡೂ ಸೇರಿಸಿ ಅದರ ಮೇಲೆ ಶೇ 5 ಜಿಎಸ್‌ಟಿ. ಒಟ್ಟು 2,580. ಯಾವ ಸರ್ವಿಸ್‌ಗೆ ಈ ಚಾರ್ಜು ಅಂತ ಕೇಳಿದೆ. ಸರ್ವಿಸ್ ಚಾರ್ಜನ್ನು ತಾವಾಗೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಇಷ್ಟನ್ನು ಹೇಳಿ, 1915ಕ್ಕೆ ಫೋನ್ ಮಾಡ್ಲಾ ಅಂದೆ. ಅದು ಗ್ರಾಹಕ ಸಹಾಯವಾಣಿಯ ನಂಬರು. ಕ್ಯಾಶಿಯರ್ ಮರುಮಾತಾಡದೆ ಬೇರೆ ಬಿಲ್ ಹೊಡೆದ, 2,457. ಉಳಿದದ್ದು 123 ರೂಪಾಯಿ. ಮೆಸ್ಸಿನಲ್ಲಿ ಒಂದೂವರೆ ಊಟ.

ಇನ್ನು ದರ್ಶಿನಿ. ಟೋಕನ್ ತಗೋ, ಕೌಂಟರಿನಲ್ಲಿ ಕೊಡು, ತಟ್ಟೆ ಹಿಡಿ, ನಿಂತು ತಿನ್ನು. ಕಾಯುವುದು ಎರಡು ನಿಮಿಷ. ತಟ್ಟೆ ಇಡ್ಲಿ ಹಬೆಯಲ್ಲಿ ಕಾಯುತ್ತಲೇ ಇರುತ್ತದೆ, ಒಂದರ ಮೇಲೊಂದು ತಟ್ಟೆ ಜೋಡಿಸಿಟ್ಟು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮಟ್ಟಕ್ಕೆ ಇಲ್ಲ ಬಿಡಿ, ಅದಕ್ಕೆ ಅಲ್ಲಿಗೇ ಹೋಗಬೇಕು, ಮೇಲೆ ಬೆಣ್ಣೆ ಕರಗುತ್ತಿರಬೇಕು. ಆದರೂ ಬೆಳಗಿನ ತಿಂಡಿಗೆ ಈ ದರ್ಶಿನಿ ಮೋಸವಿಲ್ಲ. ಮಧ್ಯಾಹ್ನದ ಊಟಕ್ಕೆ ಬೇಡ. ಅನ್ನ ಗಟ್ಟಿ, ಸಾಂಬಾರು ಸಿಹಿ. ಅಲ್ಲದೆ ಮಂಡಿ ನೋವಿರುವ ಮಾವನವರನ್ನು ಎಲ್ಲಿ ನಿಲ್ಲಿಸಲಿ?

ಆ್ಯಪಿನಲ್ಲಿ ಪಾರ್ಸೆಲ್ ತರಿಸುವುದನ್ನೂ ನೋಡಿದ್ದೇನೆ. ದೋಸೆ ಡಬ್ಬಿಯೊಳಗೆ ಬೆವೆತು ಮೆತ್ತಗಾಗಿ ಬರುತ್ತದೆ. ಮುಗಿಯಿತು.

ಈಗ ಮೆಸ್ಸು. ಗಂಡ ಹೆಂಡತಿ ಇಬ್ಬರು ನಡೆಸುತ್ತಾರೆ. ಅಕ್ಕ ಒಲೆಯ ಹತ್ತಿರ, ಅಣ್ಣ ಬಡಿಸಲು, ಒಬ್ಬ ಹುಡುಗ ತಟ್ಟೆ ತೆಗೆಯಲು. ಮೆನು ಕಾರ್ಡ್ ಇಲ್ಲ. ಒಂದು ಮುದ್ದೆ, ಸಾರು, ಪಲ್ಯ, ಅನ್ನ, ಮಜ್ಜಿಗೆ, 80 ರೂಪಾಯಿ. ಸಾರು ಮಾತ್ರ ದಿನಕ್ಕೊಂದು. ಸೋಮವಾರ ಸೊಪ್ಪಿನ ಸಾರು, ಮಂಗಳವಾರ ಹುರುಳಿಕಾಳು, ಬುಧವಾರ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಬಸಿದು ಉಳಿದಿದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಬುಧವಾರ ನಾನು ರಜ ಹಾಕುವುದಿಲ್ಲ.

ಇಲ್ಲಿ ತಡ ಏಕೆ ಆಗುವುದಿಲ್ಲ ಅಂದರೆ ಆಗಲು ದಾರಿಯೇ ಇಲ್ಲ. ಎಸರು ಕುದಿಯುತ್ತಲೇ ಇರುತ್ತದೆ. ಹಿಟ್ಟು ಸುರಿದು, ಕೋಲಿನಲ್ಲಿ ತೊಳಸಿ, ಒದ್ದೆ ಕೈಯಲ್ಲಿ ಕಟ್ಟಿ ಒಟ್ಟಿಗೆ ಇಪ್ಪತ್ತು ಮುದ್ದೆ ಇಳಿಸುತ್ತಾರೆ. ಅದು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಸಲ. ಮುದ್ದೆ ತಟ್ಟೆಗೆ ಬೀಳುವುದಕ್ಕೂ ಅಣ್ಣ ಸಾರಿನ ಬಕೆಟ್ ಹಿಡಿದು ಬರುವುದಕ್ಕೂ ಸರಿಹೋಗುತ್ತದೆ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಊಟ ನಡೆಯುವುದೂ ಹೀಗೇ ತಾನೇ. ಎಲ್ಲರಿಗೂ ಒಂದೇ ಅಡುಗೆ, ಸಾಲಿನಲ್ಲಿ ಕೂತರೆ ಬಡಿಸುತ್ತಾರೆ.

ಮೊದಲ ದಿನ ಒಳಗೆ ಹೋಗಲು ಹಿಂಜರಿದಿದ್ದೆ. ಎಲ್ಲ ಗಂಡಸರೇ ಇದ್ದರು, ಲಾರಿಯವರು, ಮಂಡಿಯಲ್ಲಿ ಕೆಲಸ ಮಾಡುವವರು. ಅಕ್ಕ ಒಳಗಿಂದಲೇ ನೋಡಿ, "ಬಾರಮ್ಮ, ಇಲ್ಲಿ ಒಲೆ ಪಕ್ಕ ಕೂತ್ಕೊ" ಅಂದರು. ಅದೇ ಟೇಬಲ್ ಈಗ ನನ್ನದು. ಮೂರು ತುತ್ತು ನುಂಗುವಷ್ಟರಲ್ಲಿ, "ಸಾರು ಬೇಕೇನಮ್ಮ? ಇನ್ನರ್ಧ ಮುದ್ದೆ ಹಾಕ್ಲಾ?" ಕೇಳಿದ್ದಕ್ಕೆ ಸಾರು ಬರುತ್ತದೆ, ಕೇಳದಿದ್ದರೂ ಬರುತ್ತದೆ. ಇದಕ್ಕೆ ಸರ್ವಿಸ್ ಚಾರ್ಜ್ ಹಾಕಿದರೆ ನಾನೇ ಕೊಡುತ್ತೇನೆ, ಪ್ರಾಧಿಕಾರ ಏನೇ ಹೇಳಲಿ.

ಹಾಗಂತ ಮೆಸ್ಸು ಸ್ವರ್ಗವೇನಲ್ಲ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಕೂತರೆ ನೀವೂ ಮುದ್ದೆಯ ಜೊತೆಗೇ ಬೇಯುತ್ತೀರಿ. ಎರಡು ಗಂಟೆ ದಾಟಿದರೆ ಮುದ್ದೆ ಇಲ್ಲ, ಅನ್ನ ಮಾತ್ರ. ಶೌಚಾಲಯ ಇಲ್ಲ. ಇದು ಸಣ್ಣ ಮಾತಲ್ಲ, ಹೆಂಗಸರಿಗೆ ಗೊತ್ತು. ಆ ಎಸಿ ರೆಸ್ಟೋರೆಂಟಿನ ಶೌಚಾಲಯ ಕನ್ನಡಿಯಂತಿತ್ತು, ಅದನ್ನು ಒಪ್ಪಲೇಬೇಕು. ಮಗಳಿಗೆ ಜಾರುಬಂಡೆಯೂ ಇಷ್ಟವಾಯಿತು. ಆವತ್ತಿನಿಂದ ಇವತ್ತಿನವರೆಗೆ "ಮತ್ತೆ ಯಾವಾಗ ಹೋಗೋದು" ಅಂತ ಕೇಳುವವಳು ಅವಳೊಬ್ಬಳೇ.

ನಿಮಗೆ ಮುದ್ದೆ ನುಂಗಿ ಅಭ್ಯಾಸ ಇಲ್ಲದಿದ್ದರೆ, ಊಟಕ್ಕಿಂತ ಕೂತು ಹರಟೆ ಹೊಡೆಯುವುದೇ ಮುಖ್ಯ ಆದರೆ, ಎಸಿ ರೆಸ್ಟೋರೆಂಟಿಗೆ ಹೋಗಿ. ಭಾನುವಾರ ಮಾತ್ರ ಬೇಡ, ಹನ್ನೆರಡೂವರೆಗೆ ಮುಂಚೆ ಕೂತುಬಿಡಿ, ಒಂದೇ ಬಗೆಯ ಅಡುಗೆ ಹೇಳಿ. ಜೊತೆಯಲ್ಲಿ ಶುಗರ್ ಇರುವವರು ಇದ್ದರೆ ಅನ್ನವೋ ರೊಟ್ಟಿಯೋ ಕಣ್ಣಿಗೆ ಬಿದ್ದ ಮೇಲೆ ಮಾತ್ರೆ ಕೊಡಿ, ಬ್ಯಾಗಿನಲ್ಲಿ ನಾಲ್ಕು ಬಿಸ್ಕತ್ತು ಇಟ್ಟುಕೊಂಡಿರಿ. ನಾನಂತೂ ಈಗ ಇಟ್ಟುಕೊಳ್ಳುತ್ತೇನೆ. ನನ್ನ ಲೆಕ್ಕ ಬೇರೆ. ಹೊರಗಿನ ಊಟಕ್ಕೆ ತಲೆಗೆ ನೂರು ರೂಪಾಯಿ ದಾಟಬಾರದು, ಒಂದು ಗಂಟೆಯ ಬಿಡುವಿನಲ್ಲಿ ಉಂಡು ವಾಪಸ್ ಸೀಟಿನಲ್ಲಿರಬೇಕು.

ಜನವರಿಯಲ್ಲಿ ಅತ್ತೆ ಮಾವನ ಮದುವೆಯಾಗಿ ನಲವತ್ತೈದು ವರ್ಷ ತುಂಬುತ್ತದೆ. ನಾದಿನಿ ಮತ್ತೆ ಫೋಟೋ ಕಳಿಸಲು ಶುರು ಮಾಡಿದ್ದಳು. ಮಾವನವರು ಫೋನ್ ಪಕ್ಕಕ್ಕೆ ಸರಿಸಿ, "ಆ ಸೋಂಪಿನ ಹೋಟೆಲ್ ಒಂದು ಬಿಟ್ಟು ಎಲ್ಲಿಗಾದ್ರೂ ಕರ್ಕೊಂಡು ಹೋಗಮ್ಮ" ಅಂದರು. ಶನಿವಾರ ಹನ್ನೆರಡೂವರೆಗೆ ಎಂಟು ಮುದ್ದೆ ಅಂತ ಮೆಸ್ಸಿನ ಅಕ್ಕನಿಗೆ ಹೇಳಿಟ್ಟಿದ್ದೇನೆ. ಸೊಗಡಿನ ಅವರೆಕಾಯಿ ಚೆನ್ನಾಗಿ ಬಂದರೆ ಹಿತಕಬೇಳೆ ಸಾರು ಮಾಡುತ್ತಾರಂತೆ. ಬೇಳೆ ಹಿತುಕಲು ಒಬ್ಬರಿಗೇ ಕಷ್ಟ, ಶುಕ್ರವಾರ ಸಾಯಂಕಾಲ ನೀನೂ ಬಾ ಅಂದಿದ್ದಾರೆ.