ಸಸಿಯ ಬೇರು ಕೊಳೆ ತಡೆಯಲು ಮಣ್ಣಿನ ಚೀಲವೋ, ರೂಟ್ ಟ್ರೇನರೋ?

ನೀಲಗಿರಿ, ಅಕೇಶಿಯಾ, ಪೈನ್ ಸಸಿಗಳಿಗೆ ಬೇರು ಕೊಳೆ ದೊಡ್ಡ ಶತ್ರು. ಇದನ್ನು ತರುವ ಶಿಲೀಂಧ್ರದಂಥ ರೋಗಾಣುಗಳಾದ ಪಿಥಿಯಂ, ಫೈಟಾಫ್ತೊರಾ ಎರಡೂ ನೀರು ನಿಂತಲ್ಲೇ ಜಾಸ್ತಿ. ಅವುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡೇ ಬೇರು ಸೇರುತ್ತವೆ.

ಮಣ್ಣು ತುಂಬಿದ ಪಾಲಿಥಿನ್ ಚೀಲ ಅಗ್ಗ. ಒಂದು ದಿನ ನೀರು ತಪ್ಪಿದರೂ ಸಸಿ ತಡೆದುಕೊಳ್ಳುತ್ತದೆ. ಆದರೆ ಮಣ್ಣಿನ ಜೊತೆ ರೋಗವೂ ಬರಬಹುದು. ಚೀಲ ನೆಲದ ಮೇಲೇ ಕೂರುವುದರಿಂದ ಬೇರು ಕೆಳಗಿಳಿದು ನೆಲದ ಸೋಂಕನ್ನೂ ಹಿಡಿಯುತ್ತದೆ. ತಳದಲ್ಲಿ ಬೇರು ಸುರುಳಿ ಸುತ್ತುವ ಕಾಟ ಬೇರೆ.

ರೂಟ್ ಟ್ರೇನರ್ ಅಂದರೆ ತಳದಲ್ಲಿ ತೂತಿರುವ ಗಟ್ಟಿ ಪ್ಲಾಸ್ಟಿಕ್ ಸಸಿ ಕುಂಡ. ಅದು ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ನೀರು ಬೇಗ ಬಸಿಯುತ್ತದೆ. ಖರ್ಚು ಜಾಸ್ತಿ, ನಿಜ. ಮತ್ತೆ ಬಳಸುವ ಮುನ್ನ ಸುಡುವ ಬಿಸಿನೀರಿನಲ್ಲಿ ತೊಳೆಯಲೇಬೇಕು.

ರೋಗ ಕಂಡ ನರ್ಸರಿಯಾದರೆ ಟ್ರೇನರನ್ನೇ ಆರಿಸಿ. ನೀರಿಗೆ ಖಾತ್ರಿ ಇಲ್ಲದ ಕಡೆ ಚೀಲವೇ ಸರಿ. ಆಗ ರೋಗಾಣು ಸಾಯಲೆಂದು, ಚೀಲಕ್ಕೆ ತುಂಬುವ ಮುನ್ನವೇ ಒದ್ದೆ ಮಣ್ಣಿಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿರುಬಿಸಿಲಲ್ಲಿ 4ರಿಂದ 6 ವಾರ ಕಾಯಲು ಬಿಡಿ.