ಸಂತರ ಮೂಲಕವೋ, ನೇರ ಯೇಸುವಿಗೋ?

ಬೆಳಗಾವಿ ಕ್ಯಾಂಪಿನಲ್ಲಿ ಎರಡೂ ಪಂಗಡದ ಚರ್ಚುಗಳಿವೆ: ಕ್ಯಾಥೊಲಿಕರ ಫಾತಿಮಾ ಕೆಥೆಡ್ರಲ್, ಪ್ರೊಟೆಸ್ಟಂಟರ ಸೇಂಟ್ ಮೇರೀಸ್. ಮದುವೆಯಾಗಿ ಯಾವ ಕಡೆ ಹೋಗಲಿ ಅಂತ ಯೋಚಿಸುವವರಿಗೆ, ಸಂತರನ್ನು ಬೇಡಿಕೊಳ್ಳುವ ವಿಷಯದಲ್ಲಿ ಎರಡೂ ಕಡೆಯವರು ಏನಂತಾರೆ ಅನ್ನೋದು ಇಲ್ಲಿದೆ.

ಕ್ಯಾಥೊಲಿಕರು ಸಂತರನ್ನು ಆರಾಧಿಸುವುದಿಲ್ಲ. ಜಪಸರದ ಒಂದೊಂದೇ ಮಣಿ ಸರಿಸುತ್ತಾ ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುವುದು 'ನಮಗಾಗಿ ಪ್ರಾರ್ಥಿಸು' ಅಂತ. ಪಕ್ಕದ ಮನೆಯ ಅಜ್ಜಿಗೆ 'ನಮ್ಮ ಹುಡುಗನಿಗೋಸ್ಕರ ಬೇಡಿಕೊಳ್ರಿ' ಅಂತೀವಲ್ಲ, ಹಾಗೆ. ಸಂತರು ಸತ್ತ ಮೇಲೂ ದೇವರ ಹತ್ತಿರ ಬದುಕಿದ್ದಾರೆ ಅನ್ನೋದೇ ಇದರ ಬೇರು. 1563ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಈ ಪದ್ಧತಿಯನ್ನು ಎತ್ತಿಹಿಡಿಯಿತು.

ಪ್ರೊಟೆಸ್ಟಂಟರು ಬೈಬಲಿನ ಒಂದನೇ ತಿಮೊಥೆಯ 2:5 ವಚನ ತೋರಿಸುತ್ತಾರೆ: ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಒಬ್ಬನೇ, ಯೇಸು. ಚರ್ಚಿಗೆ ಸಂತರ ಹೆಸರಿರಬಹುದು, ಬೇಡಿಕೆ ಅವರಿಗಲ್ಲ.

ನನಗೆ ಪಕ್ಕದ ಮನೆ ಅಜ್ಜಿಯ ಹೋಲಿಕೆಯೇ ಜಾಸ್ತಿ ಹಿಡಿಸುತ್ತದೆ. ಕ್ಯಾಥೊಲಿಕರೂ ಯೇಸುವನ್ನು ನೇರ ಬೇಡುತ್ತಾರೆ, ಅಲ್ವಾ? ಆದರೆ ಆ ವಚನ ಓದಿದ ಮೇಲೆ ಜಪಸರ ಕೈಗೆತ್ತಿಕೊಳ್ಳಲು ಮನಸ್ಸು ಒಪ್ಪದಿದ್ದರೆ, ಸುಮ್ನೆ ಒತ್ತಾಯಕ್ಕೆ ಹಿಡಿಯಬೇಡಿ.